ಹಳೇ ಗೇಮಾ, ಹೊಸ ಗೇಮಾ? ದುಡ್ಡು ಕೊಡುವ ಮುಂಚೆ ಒಂದು ಲೆಕ್ಕಾಚಾರ

ಆಯುಧಪೂಜೆಯ ಹಿಂದಿನ ದಿನ ರಾಜಾಜಿನಗರದ ಅಕ್ಕನ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುತ್ತಿದ್ದೆವು. ಕೆಟ್ಟ ಮಿಕ್ಸಿ, ಬಿರುಕು ಬಿಟ್ಟ ಕೇರಂ ಬೋರ್ಡು, ಅದರ ಹಿಂದೆ ಒಂದು ರಟ್ಟಿನ ಡಬ್ಬ. ಡಬ್ಬದೊಳಗೆ ಭಾವನ ಕಾಲದ ಟಿವಿ ವಿಡಿಯೋ ಗೇಮು, ಎರಡು ಕಂಟ್ರೋಲರು, ಮೂರು ಹಳದಿ ಕ್ಯಾಸೆಟ್ಟು. ಒಂದರ ಮೇಲೆ '9999 ಇನ್ 1' ಅಂತ ಅಚ್ಚಾಗಿತ್ತು. ಭಾವ ಏಣಿಯ ಮೇಲೆ ನಿಂತೇ ಅದನ್ನು ಬಾಯಿಗೆ ಹಿಡಿದು ಉಫ್ ಅಂತ ಊದಿದರು. ಮೂವತ್ತು ವರ್ಷ ಕಳೆದರೂ ಅಭ್ಯಾಸ ಹೋಗಿಲ್ಲ.

ಹಾಗೆ ಊದಿದ್ದರಿಂದ ಯಾವ ಕ್ಯಾಸೆಟ್ಟೂ ಸರಿಹೋಗಿರಲಿಕ್ಕಿಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ಕೂರುತ್ತಿದ್ದವು, ಅಷ್ಟೇ. ಬಾಯಿಯ ತೇವಕ್ಕೆ ಪಿನ್ನು ಹಾಳಾಗುವುದೇ ಜಾಸ್ತಿ. ಆದರೆ ಇದನ್ನು ಭಾವನಿಗೆ ಹೇಳುವ ಧೈರ್ಯ ನನಗಿಲ್ಲ.

"ಆಗಿನ ಗೇಮು ಅಂದ್ರೆ ಗೇಮು. ಈಗಿನದು ಅರ್ಧ ಸಿನಿಮಾ, ಅರ್ಧ ಅಂಗಡಿ," ಅಂದರು. ಅಕ್ಕನ ಮಗನಿಗೆ ಹದಿನಾಲ್ಕು ವರ್ಷ. ಕೆಳಗಿನಿಂದಲೇ ಕೇಳಿದ: "ಅಪ್ಪಾ, ಅದರಲ್ಲಿ ಸೇವ್ ಆಪ್ಷನ್ ಇದ್ಯಾ?"

ಇರಲಿಲ್ಲ.

ಅವನು ಆರು ತಿಂಗಳಿಂದ ಟಿವಿಗೆ ಹಾಕಿ ಆಡುವ ಹೊಸ ಗೇಮ್ ಯಂತ್ರ, ಅಂದರೆ ಕನ್ಸೋಲ್ ಕೇಳುತ್ತಿದ್ದಾನೆ. 50,000 ರೂಪಾಯಿ ದಾಟುವ ವಿಷಯ. ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಹಳೇ ಗೇಮು ಹಾಕಿಕೊಳ್ಳಲಿ ಅನ್ನುವುದು ಭಾವನ ವಾದ. ಇಬ್ಬರೂ ನನ್ನ ಕಡೆ ತಿರುಗಿದರು. ಮನೆತನದಲ್ಲಿ ಗೇಮಿಗೆ ಅತಿ ಹೆಚ್ಚು ದುಡ್ಡು ಹಾಳು ಮಾಡಿದವನು ನಾನೇ ಅಲ್ವಾ. ಇದೇ ಪ್ರಶ್ನೆಯನ್ನು ಆಫೀಸಿನಲ್ಲೂ ನಾಲ್ಕು ಜನ ಕೇಳಿದ್ದಾರೆ. ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಗೇಮು ಬಂದ ಇಸವಿ ನೋಡಿ ಆರಿಸಬೇಡಿ. ಅದು ನಿಮ್ಮಿಂದ ದುಡ್ಡು ಕೇಳುವುದನ್ನು ಯಾವಾಗ ನಿಲ್ಲಿಸುತ್ತದೆ ಅಂತ ನೋಡಿ. ಮಾಡುವ ಕೈಗಳಿಗೆ ಏನೂ ಆಗಿಲ್ಲ. ಹಾಳಾಗಿರುವುದು ಮಾರುವ ರೀತಿ.

ಮೊದಲು ಅಳತೆ

ಗ್ರಾಫಿಕ್ಸನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮು 40 ಕಿಲೋಬೈಟ್. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಹೂವಿನ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2 ಅನ್ನು ಪಿಸಿಗೆ ಹಾಕಲು 150 ಜಿಬಿ ಜಾಗ ಬೇಕು. ಎರಡೂ ನನಗೆ ಖುಷಿ ಕೊಟ್ಟಿವೆ. ಅಂದಮೇಲೆ ನೋಡಬೇಕಾದ್ದು ಬೇರೆ.

ಒಂದು, ಕೂತ ಮೇಲೆ ಆಟ ಶುರುವಾಗಲು ಎಷ್ಟು ಹೊತ್ತು ಬೇಕು? ವೈಟ್‌ಫೀಲ್ಡ್‌ನಿಂದ ಮನೆಗೆ ಬಂದು, ಊಟ ಮಾಡಿ, ಪಾತ್ರೆ ತೊಳೆದು ಕೂತವನಿಗೆ ಉಳಿಯುವುದು ನಲವತ್ತು ನಿಮಿಷ. ಅದರಲ್ಲಿ ಮೂವತ್ತು ಅಪ್‌ಡೇಟಿಗೆ ಹೋದರೆ? ಎರಡು, ಒಟ್ಟು ಖರ್ಚು ಎಲ್ಲಿ ನಿಲ್ಲುತ್ತದೆ? ಮೂರು, ಕೊಂಡ ದಿನವೇ ಗೇಮು ಪೂರ್ತಿಯಾಗಿ ಸಿಗುತ್ತದಾ, ಇಲ್ಲಾ ಕಂಪನಿ ಇನ್ನೂ ಕಟ್ಟುತ್ತಾ ಇದೆಯಾ? ನಾಲ್ಕು, ಪಕ್ಕದಲ್ಲಿ ಇನ್ನೊಬ್ಬರು ಕೂತು ಆಡಬಹುದಾ? ಕೊನೆಯದು, ಹತ್ತು ವರ್ಷ ಬಿಟ್ಟು ಮತ್ತೆ ಹಾಕಿದರೆ ಓಡುತ್ತದಾ?

ಅಟ್ಟದ ಕಾಲದ ಗೇಮುಗಳು

ಮೊದಲ ಪ್ರಶ್ನೆಗೆ ಇವುಗಳನ್ನು ಮೀರಿಸುವವರಿಲ್ಲ. ಸ್ವಿಚ್ ಹಾಕಿ, ಸ್ಟಾರ್ಟ್ ಒತ್ತಿ, ಆಡಿ. ಲಾಗಿನ್ ಇಲ್ಲ, ಒಟಿಪಿ ಇಲ್ಲ. ಖರ್ಚು ಕೊಂಡ ದಿನಕ್ಕೇ ಮುಗಿಯಿತು. ಕ್ಯಾಸೆಟ್ಟು ಫ್ಯಾಕ್ಟರಿ ಬಿಟ್ಟ ಮೇಲೆ ತಿದ್ದಲು ಆಗುತ್ತಿರಲಿಲ್ಲ, ಹಾಗಾಗಿ ಮುಗಿಸಿಯೇ ಕಳಿಸಬೇಕಿತ್ತು.

ಹಾಗಂತ ತಪ್ಪೇ ಇರಲಿಲ್ಲ ಅಂತೇನಿಲ್ಲ. 1980ರ ಪ್ಯಾಕ್-ಮ್ಯಾನ್‌ನಲ್ಲಿ 256ನೇ ಲೆವೆಲ್ ಬಂದರೆ ಅರ್ಧ ಪರದೆ ಕಲಸುಮೇಲೋಗರ ಆಗುತ್ತದೆ, ಮುಂದೆ ಹೋಗಲು ಆಗುವುದಿಲ್ಲ. ಲೆವೆಲ್ ಎಣಿಸಲು ಇಟ್ಟ ಜಾಗಕ್ಕೆ 255 ದಾಟಿ ಎಣಿಸಲು ಬರುವುದಿಲ್ಲ. ಅಟಾರಿಯ ಇ.ಟಿ. 1982ರಲ್ಲಿ ಎಷ್ಟು ಕೆಟ್ಟದಾಗಿ ಸೋತಿತೆಂದರೆ, ಉಳಿದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ನಿಜವಾಗಿಯೂ ಸಿಕ್ಕವು. ಅಂಥ ಕಳಪೆ ಮಾಲು ತುಂಬಿ ತುಳುಕಿ 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆಯೇ ಕುಸಿದುಬಿತ್ತು. ನಮಗೆ ಈಗ ನೆನಪಿರುವುದು ಮಾರಿಯೋ, ಕಾಂಟ್ರಾ. ಗುಂಡಿಗೆ ಹೋದದ್ದನ್ನು ಯಾರು ನೆನೆಸಿಕೊಳ್ಳುತ್ತಾರೆ?

ಭಾವನ '9999 ಇನ್ 1' ಕ್ಯಾಸೆಟ್ಟನ್ನೇ ನೋಡಿ. ಪಟ್ಟಿ ಕೆಳಗೆ ಹೋಗುತ್ತಲೇ ಇರುತ್ತದೆ. ಒಳಗಿರುವುದು ಬೆರಳೆಣಿಕೆಯ ಗೇಮು. ಅದನ್ನೇ ಹೆಸರು ಬದಲಿಸಿ, ಬಣ್ಣ ಬದಲಿಸಿ, ಮೂರನೇ ಲೆವೆಲ್‌ನಿಂದ ಶುರು ಮಾಡಿ ಮತ್ತೆ ಮತ್ತೆ ತೋರಿಸುತ್ತಾರೆ. ಗಿರಾಕಿಗೆ ಟೋಪಿ ಹಾಕುವ ವಿದ್ಯೆ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ.

ಕಷ್ಟದ ವಿಷಯಕ್ಕೆ ಬಂದರೂ ಅಷ್ಟೆ. ಕಾಂಟ್ರಾದಲ್ಲಿ ಇರುವುದು ಎಂಟು ಹಂತ. ಸಾಯದೆ ಆಡಿದರೆ ಅರ್ಧ, ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಇಡೀ ಬೇಸಿಗೆ ರಜೆ ನುಂಗಿದ್ದು ಯಾಕೆ? ಒಂದು ಗುಂಡು ತಗುಲಿದರೆ ಒಂದು ಜೀವ ಹೋಗುತ್ತಿತ್ತು. ಆ ಗೇಮು ಮೊದಲು ಬಂದಿದ್ದು ನಾಣ್ಯ ಹಾಕಿ ಆಡುವ ಯಂತ್ರಕ್ಕೆ, 1987ರಲ್ಲಿ. ಬೇಗ ಸತ್ತರೆ ತಾನೇ ಇನ್ನೊಂದು ನಾಣ್ಯ ಬೀಳುವುದು? ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಟೋಕನ್ ಹಿಡಿದು ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಇವತ್ತು ಫೋನಿನಲ್ಲಿ 'ಮುಂದುವರಿಸಲು 89 ರೂಪಾಯಿ' ಅಂತ ಕೇಳುವುದು ಅದೇ ಟೋಕನ್ನಿನ ಮೊಮ್ಮಗು.

ಹಳೇ ಡಬ್ಬವನ್ನೇ ಟಿವಿಗೆ ಹಾಕುವ ಆಸೆಯಿದ್ದರೆ ಒಂದು ಎಚ್ಚರಿಕೆ. ಹೊಸ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ತೂತುಗಳು ಸಾಮಾನ್ಯವಾಗಿ ಇರುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಿಕ್ಕಿಸಿದ ಮೇಲೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಹಾಕದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂರುತ್ತದೆ. ನೀವು ಬಟನ್ ಒತ್ತಿದ ಮೇಲೆ ಒಂದು ಕ್ಷಣ ಬಿಟ್ಟು ಮಾರಿಯೋ ಹಾರುತ್ತಾನೆ. ಅಷ್ಟರಲ್ಲಿ ಗುಂಡಿಗೆ ಬಿದ್ದಿರುತ್ತಾನೆ.

ಸಿಡಿ ಕಾಲ

ನನ್ನ ವಯಸ್ಸಿನವರಿಗೆ 'ಹಳೇ ಗೇಮು' ಅಂದರೆ ಇದು. ಏಜ್ ಆಫ್ ಎಂಪೈರ್ಸ್ 2 1999ರದ್ದು, ಐಜಿಐ 2000ದ್ದು, ವೈಸ್ ಸಿಟಿ 2002, ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ 2005. ಮೆಜೆಸ್ಟಿಕ್ ಕಡೆಯಿಂದ ತಂದ ಸಿಡಿಗಳಲ್ಲಿ ಮೂರಕ್ಕೆ ಒಂದು ಓಡುತ್ತಿರಲಿಲ್ಲ. ಓಡಿದ್ದನ್ನು ಇಡೀ ಬೀದಿ ಹಂಚಿಕೊಳ್ಳುತ್ತಿತ್ತು. ಅವು ಕಳ್ಳ ಸಿಡಿಗಳು ಅಂತ ಆಗ ಯೋಚನೆ ಕೂಡ ಬರಲಿಲ್ಲ.

ಬಜೆಟ್ ಕಡಿಮೆ ಇರುವವರಿಗೆ ಈ ಕಾಲದ ಗೇಮು ಬಂಗಾರ. ವೈಸ್ ಸಿಟಿಗೆ 128 ಎಂಬಿ ರ್‍ಯಾಮ್ ಸಾಕಿತ್ತು. ಇವತ್ತು ಅಂಗಡಿಯಲ್ಲಿರುವ ಅತಿ ಕಡಿಮೆ ಬೆಲೆಯ ಲ್ಯಾಪ್‌ಟಾಪಿನಲ್ಲೂ ಅದರ ಎಷ್ಟೋ ಪಟ್ಟು ಇರುತ್ತದೆ. ಕಥೆ ಇದೆ, ಊರು ಸುತ್ತಬಹುದು, ಮುಗಿಸಿದೆ ಅನ್ನುವ ತೃಪ್ತಿ ಇದೆ.

ಆದರೆ ಕರುಣೆ ಕಡಿಮೆ. ಐಜಿಐನಲ್ಲಿ ಮಿಷನ್ ನಡುವೆ ಸೇವ್ ಮಾಡಲು ಬರುವುದಿಲ್ಲ. ನಲವತ್ತು ನಿಮಿಷ ತೆವಳಿಕೊಂಡು ಹೋಗಿ ಕೊನೇ ಬಾಗಿಲ ಹತ್ತಿರ ಸತ್ತರೆ ಮೊದಲಿನಿಂದ ಶುರು. ಕರೆಂಟ್ ಹೋದರೂ ಅಷ್ಟೇ. ಹದಿನಾರರಲ್ಲಿ ಅದನ್ನೇ ಥ್ರಿಲ್ ಅಂದುಕೊಂಡಿದ್ದೆ. ಹೋದ ವರ್ಷ ಮತ್ತೆ ಹಾಕಿ ಎರಡು ಸಂಜೆಗೆ ಕೈಬಿಟ್ಟೆ.

ಸಿಗುವುದೂ ಕಷ್ಟ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮುಗಳಲ್ಲಿ 87 ಪರ್ಸೆಂಟ್ ಈಗ ದುಡ್ಡು ಕೊಟ್ಟು ಕೊಳ್ಳಲು ಸಿಗುವುದಿಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು. ನಮ್ಮವರ ಅಚ್ಚುಮೆಚ್ಚಿನ ಕ್ರಿಕೆಟ್ 07 ಕೂಡ ಅಂಗಡಿಯಿಂದ ಮಾಯ. ಸಿಗುವುದನ್ನು ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು ನನ್ನ ರೂಢಿ. ಅಲ್ಲಿ ಕೊಂಡದ್ದನ್ನು ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಳ್ಳಬಹುದು, ಆಡಲು ಇಂಟರ್ನೆಟ್ ಬೇಡ. ಇನ್ನೊಂದು ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಇದೆ, ಸೇಲ್ ಜಾಸ್ತಿ. ಆದರೆ ಅಲ್ಲಿ ನಿಮಗೆ ಸಿಗುವುದು ಆಡುವ ಪರವಾನಗಿ ಮಾತ್ರ. ಈಗ ಅವರೇ ದುಡ್ಡು ಕಟ್ಟುವ ಪುಟದಲ್ಲಿ ಹಾಗೆಂದು ಬರೆದಿದ್ದಾರೆ.

ಹಳೇದಕ್ಕೆ ಹೊಸ ಸುಣ್ಣಬಣ್ಣ

ರೀಮಾಸ್ಟರ್, ರೀಮೇಕ್ ಕೊಳ್ಳುವಾಗ ಯಾರು ಸುಣ್ಣ ಹೊಡೆದಿದ್ದಾರೆ ಅಂತ ನೋಡಬೇಕು. ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ 2019ರಲ್ಲಿ ಬಂತು. ಹಳೇ ಆಟದ ಜೀವ ಹಾಗೇ ಇದೆ, ಕೈಗೆ ಆರಾಮ. 2022ರಲ್ಲಿ ಅದಕ್ಕೆ ಭಾರತದ ರಾಜವಂಶಗಳ ವಿಸ್ತರಣೆ ಬಂತು. ಅದರಲ್ಲಿ ದ್ರಾವಿಡರಿದ್ದಾರೆ, ಉರುಮಿ ಅನ್ನುವ ಬಳುಕುವ ಕತ್ತಿ ಬೀಸುವ ಅವರ ಸೈನಿಕರಿದ್ದಾರೆ. ಮೊದಲ ಸಲ ಉರುಮಿಯವನನ್ನು ಬ್ಯಾರಕ್ ಪಕ್ಕದ ಕೋಟೆಯಿಂದ ಹೊರಗೆ ಬಿಟ್ಟಾಗ ಆದ ಖುಷಿ ಹೇಳಲಾರೆ.

ಇನ್ನೊಂದು ಕಡೆ, 2021ರಲ್ಲಿ ವೈಸ್ ಸಿಟಿಯೂ ಸೇರಿದಂತೆ ಜಿಟಿಎ ಸರಣಿಯ ಮೂರು ಹಳೇ ಗೇಮುಗಳ ಹೊಸ ಆವೃತ್ತಿ ಬಂತು. ಮಳೆ ಬಂದರೆ ರಸ್ತೆ ಕಾಣಿಸುತ್ತಿರಲಿಲ್ಲ, ಅಂಗಡಿ ಬೋರ್ಡುಗಳಲ್ಲಿ ಕಾಗುಣಿತ ತಪ್ಪು. ಅದರ ಜೊತೆಗೇ ಹಳೇ ಆವೃತ್ತಿಗಳನ್ನು ಮಾರಾಟದಿಂದ ತೆಗೆದರು. ಜನ ಬೈದ ಮೇಲೆ ಪಿಸಿಗೆ ಮಾತ್ರ ವಾಪಸ್ ಇಟ್ಟರು. ಹೊಸದನ್ನು ಸರಿಮಾಡುತ್ತಾ ಮಾಡುತ್ತಾ 2024 ಬಂತು.

ದೊಡ್ಡ ಬಜೆಟ್ಟಿನ ಹೊಸ ಗೇಮುಗಳು

ಭಾವನ ಸಿಟ್ಟೆಲ್ಲ ಇವುಗಳ ಮೇಲೆ. ಅರ್ಧ ನ್ಯಾಯವೇ. ಸೈಬರ್‌ಪಂಕ್ 2077 ಡಿಸೆಂಬರ್ 2020ರಲ್ಲಿ ಎಷ್ಟು ಹಸಿಹಸಿಯಾಗಿ ಬಂತೆಂದರೆ, ಸೋನಿ ತನ್ನ ಅಂಗಡಿಯಿಂದ ಅದನ್ನು ಆರು ತಿಂಗಳು ತೆಗೆದಿಟ್ಟಿತು. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 2017ರಲ್ಲಿ ಲಾಟರಿ ಡಬ್ಬಿಗಳನ್ನು (ತೆರೆಯುವವರೆಗೂ ಒಳಗೇನಿದೆ ಅಂತ ಗೊತ್ತಾಗದವು) ಮಾರಲು ಹೊರಟು, ಗಲಾಟೆ ಜೋರಾದ ಮೇಲೆ ಬಿಡುಗಡೆಯ ಹೊತ್ತಿಗೆ ದುಡ್ಡಿನ ಖರೀದಿ ನಿಲ್ಲಿಸಬೇಕಾಯಿತು. ಮರುವರ್ಷ ಬೆಲ್ಜಿಯಂ ಇಂಥ ಡಬ್ಬಿಗಳನ್ನು ಜೂಜು ಅಂತಲೇ ಕರೆಯಿತು. 2014ರ ದಿ ಕ್ರೂ ಅನ್ನುವ ಕಾರಿನ ಗೇಮಿನ ಸರ್ವರನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ದುಡ್ಡು ಕೊಟ್ಟವರ ಹತ್ತಿರ ಡಿಸ್ಕ್ ಇದೆ, ಗೇಮು ಇಲ್ಲ. ಭಾವನ ಅಟ್ಟದ ಡಬ್ಬಕ್ಕೆ ಈ ಭಯವಿಲ್ಲ.

ನನ್ನದೇ ಕಥೆ ಕೇಳಿ. ಎರಡು ವರ್ಷದ ಹಿಂದೆ ಒಂದು ದೊಡ್ಡ ಗೇಮನ್ನು ಬಿಡುಗಡೆಯ ದಿನವೇ ಸುಮಾರು 5,000 ಕೊಟ್ಟು ತಗೊಂಡೆ. ಹೆಸರು ಬೇಡ. ಮನೆಯ 40 ಎಂಬಿಪಿಎಸ್ ಕನೆಕ್ಷನ್‌ನಲ್ಲಿ 100 ಜಿಬಿ ಇಳಿಯಲು ಐದೂವರೆ ಗಂಟೆ. ಇಳಿದ ಮೇಲೆ ಅಪ್‌ಡೇಟ್. ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ನನ್ನ ನಾಯಕ ನೆಲದೊಳಗೆ ಸೊಂಟದವರೆಗೆ ಹೂತುಹೋದ. ಪಕ್ಕದಲ್ಲಿ ಒಬ್ಬಳು ಮುದುಕಿ ಏನೂ ಆಗದವಳ ಹಾಗೆ ಅವನ ತಲೆಯ ಜೊತೆ ಮಾತಾಡುತ್ತಿದ್ದಳು. ಅದೇ ಗೇಮು ಈಗ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ನೆಲವೂ ಗಟ್ಟಿಯಾಗಿದೆ.

ಹಾಗಾಗಿ ಈ ಗುಂಪಿಗೆ ನನ್ನ ನಿಯಮ ಒಂದೇ. ಒಂದು ವರ್ಷ ಕಾಯಿರಿ. ಸೈಬರ್‌ಪಂಕ್ ಕೂಡ 2023ರ ದೊಡ್ಡ ಅಪ್‌ಡೇಟ್ ನಂತರ ಒಳ್ಳೆಯ ಗೇಮೇ ಆಯಿತು. ಕಾಯುವುದಕ್ಕೆ ಕಾಸು ಬೀಳುವುದಿಲ್ಲ.

ಆದರೆ ಹೊಸದೆಲ್ಲ ಕೆಟ್ಟದ್ದು ಅನ್ನುವ ಮಾತು ಎಲ್ಡನ್ ರಿಂಗ್, ಬಾಲ್ಡರ್ಸ್ ಗೇಟ್ 3 ಮುಂದೆ ನಿಲ್ಲುವುದಿಲ್ಲ. ಮೊದಲನೆಯದು 2022ರದ್ದು, ಎರಡನೆಯದು 2023ರದ್ದು. ಬಾಲ್ಡರ್ಸ್ ಗೇಟ್‌ನಲ್ಲಿ ನೀವು ಆಡಿದ ಮಾತಿಗೆ ಬೆಲೆ ಇದೆ. ಒಂದು ಸುಳ್ಳು ಹೇಳಿದರೆ ಹತ್ತು ಗಂಟೆ ಬಿಟ್ಟು ಅದು ಎದುರಿಗೆ ಬಂದು ನಿಲ್ಲುತ್ತದೆ. ಪೂರ್ತಿ ಬೆಲೆ ಕೊಟ್ಟ ಮೇಲೆ ಒಳಗೆ ಅಂಗಡಿ ತೆರೆದಿಲ್ಲ. ನನ್ನ ಬಾಲ್ಯದ ಯಾವ ಗೇಮಿನಲ್ಲೂ ಇಷ್ಟು ಆಳ ಇರಲಿಲ್ಲ.

ಅಂದಹಾಗೆ, ಇಂಥ ದೊಡ್ಡ ಕೆಲಸದಲ್ಲಿ ನಮ್ಮೂರಿನ ಪಾಲೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಇಲ್ಲಿನ ಸ್ಟುಡಿಯೋಗೆ ಸೇರಿಸಿಕೊಂಡಿತು. ನಿಮ್ಮ ಮೆಟ್ರೋ ಡಬ್ಬಿಯಲ್ಲಿ ಪಕ್ಕ ನಿಂತವರು ಯಾವುದೋ ಗೇಮಿನ ಗೋಡೆಗೆ ಬಿರುಕು ಬಿಡಿಸಿ ಮನೆಗೆ ಹೊರಟವರಿರಬಹುದು.

ಸಣ್ಣವರ ಹೊಸ ಗೇಮುಗಳು

ಈ ಗುಂಪು ಭಾವನಿಗೆ ಗೊತ್ತೇ ಇರಲಿಲ್ಲ. ತುಂಬ ಜನರಿಗೆ ಗೊತ್ತಿಲ್ಲ. ಹೊಸ, ಹಳೇ ಜಗಳ ಇಲ್ಲಿಗೆ ಬಂದರೆ ಮುಗಿಯುತ್ತದೆ ಅಂತ ನನಗನ್ನಿಸುತ್ತದೆ.

2016ರ ಸ್ಟಾರ್‌ಡ್ಯೂ ವ್ಯಾಲಿಯನ್ನು ಮಾಡಿದ್ದು ಒಬ್ಬರೇ, ಎರಿಕ್ ಬರೋನ್. ಚಿತ್ರ, ಸಂಗೀತ, ಕೋಡ್ ಎಲ್ಲ ಅವರದ್ದೇ. ಹೊಲ ಉಳುವುದು, ಮೀನು ಹಿಡಿಯುವುದು, ಊರವರ ಜೊತೆ ಮಾತಾಡುವುದು. 2017ರ ಹಾಲೋ ನೈಟ್ ಹಿಂದೆ ಬೆರಳೆಣಿಕೆಯ ಜನ. ಇವು ಸೇಲ್ ಇಲ್ಲದಾಗಲೂ 500 ರೂಪಾಯಿಯ ಆಚೀಚೆ. ಗಾತ್ರ ಕಡಿಮೆ, ಮನೆಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಒಳಗೆ ಅಂಗಡಿ ಇಲ್ಲ. ಸ್ಟಾರ್‌ಡ್ಯೂಗೆ ವರ್ಷಗಟ್ಟಲೆ ಹೊಸ ಅಪ್‌ಡೇಟುಗಳು ಪುಕ್ಕಟೆಯಾಗಿ ಬಂದಿವೆ.

ಹಾಲೋ ನೈಟ್ ಕಷ್ಟ. ಐಜಿಐನಷ್ಟೇ ಕಷ್ಟ ಅನ್ನಿ. ಆದರೆ ಸತ್ತರೆ ಕೊನೆಯ ಸಲ ಕೂತ ಬೆಂಚಿನಿಂದ ಏಳುತ್ತೀರಿ. 2018ರ ಸೆಲೆಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ಕೈ ಸಾಗದವರು ಆಟದ ವೇಗವನ್ನೇ ಇಳಿಸಿಕೊಳ್ಳಬಹುದು. ಹಳೇ ಗೇಮಿನ ಛಲ ಇದೆ, ಹಳೇ ಗೇಮಿನ ಹಟಮಾರಿತನ ಇಲ್ಲ. ನಲವತ್ತು ನಿಮಿಷದವರಿಗೆ ವ್ಯಾಂಪೈರ್ ಸರ್ವೈವರ್ಸ್ ಇದೆ. ಒಂದು ಸುತ್ತು ಹೆಚ್ಚೆಂದರೆ ಅರ್ಧ ಗಂಟೆ.

2024ರ ಬಲಾಟ್ರೋ ಕೂಡ ಒಬ್ಬರೇ ಮಾಡಿದ್ದು. ಇಸ್ಪೀಟೆಲೆಯ ಆಟ. ಇದರಲ್ಲಿ ಒಂದು ತಮಾಷೆ ಇದೆ. ದುಡ್ಡು ಕಟ್ಟುವ ಪಣ ಎಲ್ಲೂ ಇಲ್ಲ, ಆದರೂ ಗೇಮುಗಳಿಗೆ ವಯಸ್ಸಿನ ಮಿತಿ ಹಾಕುವ ಯುರೋಪಿನ ಮಂಡಳಿ ಇದಕ್ಕೆ 18 ಅಂತ ಮುದ್ರೆ ಒತ್ತಿತು. ದುಡ್ಡಿಗೆ ಲಾಟರಿ ಡಬ್ಬಿ ಮಾರುವ ಫುಟ್‌ಬಾಲ್ ಗೇಮಿಗೆ 3. ಆಮೇಲೆ 2025ರಲ್ಲಿ ಬಲಾಟ್ರೋವನ್ನು 12ಕ್ಕೆ ಇಳಿಸಿದರು. ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. "ರಾತ್ರಿಯೆಲ್ಲ ಇಸ್ಪೀಟಾ?" ಅಂತ ಕೇಳುತ್ತಾಳೆ.

ಫೋನಿನ ಪುಕ್ಕಟೆ ಗೇಮು

ಇದಕ್ಕೆ ಹೆಚ್ಚು ಮಾತು ಬೇಡ. ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ಥರದ್ದು ಗೆಳೆಯರ ಜೊತೆ ಮಜಾ ಕೊಡುತ್ತದೆ, ಹೌದು. ಆಟದ ಪಾತ್ರಗಳಿಗೆ ಬಟ್ಟೆಬರೆ ಮಾರುತ್ತಾರೆ, ಗೆಲುವನ್ನು ಮಾರುವುದಿಲ್ಲ. ಉಳಿದ ಎಷ್ಟೋ ಗೇಮುಗಳಲ್ಲಿ ಖರ್ಚಿಗೆ ಕೊನೆಯೇ ಇಲ್ಲ. ಮಕ್ಕಳ ಕೈಗೆ ಫೋನ್ ಕೊಡುವವರು ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ. ಇವತ್ತೇ ಮಾಡಿ.

ಹಾಗಾದರೆ ಯಾರಿಗೆ ಯಾವುದು

ಪಿಜಿಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಇರುವವರು, ತಿಂಗಳಿಗೆ 500 ತೆಗೆದಿಡಬಲ್ಲವರು ಸಣ್ಣವರ ಗೇಮು ತಗೊಳ್ಳಿ, ನಡುವೆ ಸಿಡಿ ಕಾಲದ್ದೊಂದು. ಆಫೀಸಿನ ಲ್ಯಾಪ್‌ಟಾಪಿಗೆ ಮಾತ್ರ ಹಾಕಬೇಡಿ, ಐಟಿಯವರಿಗೆ ಉತ್ತರ ಕೊಡುವುದು ಕಷ್ಟ. ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಬರುತ್ತದೆ. ಅದನ್ನು ನಾಚಿಕೆಯಿಲ್ಲದೆ ಬಳಸಿ.

ಗಂಡ ಹೆಂಡತಿ ಒಟ್ಟಿಗೆ ಆಡಬೇಕಂದರೆ 2021ರ ಇಟ್ ಟೇಕ್ಸ್ ಟೂ. ಒಬ್ಬರೇ ಆಡಲು ಬರುವುದೇ ಇಲ್ಲ. ದೂರದ ಊರಿನಲ್ಲಿದ್ದರೂ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಪುಕ್ಕಟೆ.

ಕನ್ಸೋಲ್ ಕೊಳ್ಳುವ ಶಕ್ತಿ ಇದ್ದರೆ ಡಿಸ್ಕ್ ಹಾಕುವ ಮಾದರಿಯನ್ನೇ ತಗೊಳ್ಳಿ. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಬೇರೆಯವರು ಆಡಿದ್ದನ್ನು ಕಡಿಮೆಗೆ ಕೊಳ್ಳಬಹುದು. ಡೌನ್‌ಲೋಡ್ ಮಾಡಿದ್ದನ್ನು ಯಾರಿಗೆ ಮಾರುತ್ತೀರಿ? ಆನ್‌ಲೈನ್ ಆಡಲು ಬೇಕಾಗುವ ವರ್ಷದ ಚಂದಾವನ್ನೂ ಲೆಕ್ಕಕ್ಕೆ ಸೇರಿಸಿ.

ಅಕ್ಕನ ಮನೆಯಲ್ಲಿ ಸದ್ಯಕ್ಕೆ ಕನ್ಸೋಲ್ ಬಂದಿಲ್ಲ. ಎಸ್.ಪಿ. ರೋಡಿನಿಂದ ಆ ಪುಟ್ಟ ಡಬ್ಬಿ ಬಂತು, ಲ್ಯಾಪ್‌ಟಾಪಿಗೆ ಒಂದು ವೈರಿನ ಕಂಟ್ರೋಲರ್ ಬಂತು, ಸೇಲ್‌ನಲ್ಲಿ ಹಾಲೋ ನೈಟ್ ಬಂತು. ಎಲ್ಲ ಸೇರಿ 2,000 ದಾಟಲಿಲ್ಲ. ಹತ್ತನೇ ಕ್ಲಾಸ್ ಮುಗಿದ ಮೇಲೆ ಕನ್ಸೋಲ್ ಮಾತು ಮತ್ತೆ ಎತ್ತುವುದು ಅಂತ ಒಪ್ಪಂದ ಆಗಿದೆ. ಆಯುಧಪೂಜೆಯ ದಿನ ಸ್ಕೂಟರಿನ ಪಕ್ಕದಲ್ಲಿ ಹಳೇ ಡಬ್ಬಕ್ಕೂ ಕುಂಕುಮ ಬಿತ್ತು.

ಹೋದ ಭಾನುವಾರ ಹೋದಾಗ ಅಪ್ಪ ಮಗ ಕಾಂಟ್ರಾದ ಮೂರನೇ ಹಂತದಲ್ಲಿದ್ದರು. ಜಲಪಾತದ ಬಂಡೆ ಹತ್ತುವ ಜಾಗ. ಅಲ್ಲಿ ಒಬ್ಬ ಬೇಗ ಮೇಲೆ ಹೋದರೆ ಪರದೆಯೂ ಮೇಲೆ ಸರಿಯುತ್ತದೆ, ಕೆಳಗೆ ಉಳಿದವನು ಸಾಯುತ್ತಾನೆ. ಭಾವ ಮೂವತ್ತು ವರ್ಷದ ಅನುಭವದಲ್ಲಿ ಸರಸರ ಹತ್ತಿದರು. ಕೆಳಗಿದ್ದ ಮಗ ನಾಲ್ಕನೇ ಸಲ ಸತ್ತ. "ಅಪ್ಪಾ, ಕಾಯಿ ಅಂದ್ನಲ್ಲ!" ಅಂತ ಕಿರುಚಿ, ಹಲ್ಲು ಕಚ್ಚಿ, ಮತ್ತೆ ಸ್ಟಾರ್ಟ್ ಒತ್ತಿದ. ಅಕ್ಕ ಊಟಕ್ಕೆ ಮೂರು ಸಲ ಕರೆದಾಗಿತ್ತು.